ಗೀಸರ್ ಪ್ಲಗ್ ಕಪ್ಪಾಗುವ ಲೆಕ್ಕ

ಬಚ್ಚಲುಮನೆಯ ಗೀಸರಿನ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. 230 ವೋಲ್ಟ್, 2000 ವ್ಯಾಟ್ ಎಂದು ಅದರಲ್ಲಿ ಬರೆದಿರುತ್ತದೆ. ಗೀಸರ್ ಕೊಂಡ ದಿನ ಬಿಟ್ಟರೆ ಅದನ್ನು ಯಾರೂ ಮತ್ತೆ ಓದುವುದಿಲ್ಲ. ಆದರೆ ಗೋಡೆಯೊಳಗಿನ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ, ಒಳಗಿನ ಕಾಯಿಲ್‌ನ ರೋಧ ಎಷ್ಟು, ಕೆಲವು ಮನೆಗಳಲ್ಲಿ ಗೀಸರಿನ ಪ್ಲಗ್ ಸುಟ್ಟು ಕಪ್ಪಾಗುವುದು ಯಾಕೆ ಎಂಬುದನ್ನೆಲ್ಲ ತಿಳಿಯಲು ಆ ಎರಡು ಸಂಖ್ಯೆಗಳಿಂದಲೇ ಲೆಕ್ಕ ಶುರುಮಾಡಬಹುದು.

ಇದಕ್ಕೆ ಬೇಕಾದ ಸೂತ್ರಗಳು ಹೈಸ್ಕೂಲಿನಲ್ಲಿ ಓದಿದವೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಗುಣಿಸಿದರೆ ಪವರ್ ಸಿಗುತ್ತದೆ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ಅಂದರೆ ಗೀಸರ್ ಎಳೆಯುವ ಕರೆಂಟ್ ಅಷ್ಟು. ಇನ್ನು 230ನ್ನು 8.7ರಿಂದ ಭಾಗಿಸಿ: ಕಾಯಿಲ್‌ನ ರೋಧ 26.4 ಓಮ್.

ಈ ಸರಳ ಭಾಗಾಕಾರದ ಹಿಂದೆ ದೊಡ್ಡ ಪರಿಶ್ರಮವಿದೆ. ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ ಬೀಗ ಮಾಡುವವನ ಮಗ, ಕಲೋನ್ ನಗರದಲ್ಲಿ ಶಾಲಾ ಮೇಷ್ಟ್ರು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗದ ನಡುವೆಯೇ ಇಳಿದುಹೋಗುತ್ತಿತ್ತು. ಹಾಗಾಗಿ ಅವನು ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಸಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಆ ಎರಡರ ಉಷ್ಣತೆ ಬದಲಾಗದ ಕಾರಣ ವೋಲ್ಟೇಜೂ ಅಲುಗಾಡಲಿಲ್ಲ. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಸೇರಿಸಿ, ಕರೆಂಟಿಗೆ ಕಾಂತಸೂಜಿ ಎಷ್ಟು ತಿರುಗುತ್ತದೆ ಎಂದು ಅಳೆಯುತ್ತ ಹೋದ. 1827ರಲ್ಲಿ ಪುಸ್ತಕ ಬಂದಾಗ ತವರಿನಲ್ಲಿ ಅವನಿಗೆ ಸಿಕ್ಕಿದ್ದು ತಾತ್ಸಾರ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟು ಗೌರವಿಸಿದ್ದು 1841ರಲ್ಲಿ. ಅದೇ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಇನ್ನೊಂದು ಸಂಗತಿ ಕಂಡುಕೊಂಡ: ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಿದರೆ ಎಷ್ಟು ವ್ಯಾಟ್ ಶಾಖ ಎಂದು ತಿಳಿಯುತ್ತದೆ.

ಪ್ಲಗ್ ಕಪ್ಪಾಗುವ ಗುಟ್ಟು ಈ ಜೂಲ್ ಲೆಕ್ಕದಲ್ಲಿದೆ. ಸಾಕೆಟ್ಟಿನ ಒಳಗೆ ಪಿನ್ನನ್ನು ಬಿಗಿಯಾಗಿ ಹಿಡಿಯುವ ಹಿತ್ತಾಳೆಯ ತೋಳುಗಳಿರುತ್ತವೆ. ವರ್ಷಾನುಗಟ್ಟಲೆ ಬಳಸಿದ ಮೇಲೆ ಅವು ಸಡಿಲವಾಗುತ್ತವೆ. ಪಿನ್ನಿಗೂ ತೋಳಿಗೂ ಪೂರ್ತಿ ತಾಗಬೇಕಾದ ಕಡೆ ಒಂದೆರಡು ಚುಕ್ಕೆಗಳಷ್ಟೇ ತಾಗುತ್ತವೆ. ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತು ಎಂದಿಟ್ಟುಕೊಳ್ಳಿ. ಮೊಬೈಲ್ ಚಾರ್ಜರ್ ಹಾಕಿದರೆ 0.1 ಆಂಪಿಯರ್‌ನಷ್ಟು ಕರೆಂಟ್ ಹರಿದು, ಆ ಸಂದಿನಲ್ಲಿ ಹುಟ್ಟುವ ಶಾಖ ಒಂದು ವ್ಯಾಟ್‌ನ ಇನ್ನೂರನೇ ಒಂದು ಭಾಗ. ಕೈಗೆ ಗೊತ್ತೇ ಆಗುವುದಿಲ್ಲ. ಅದೇ ಸಾಕೆಟ್ಟಿಗೆ ಗೀಸರ್ ಹಾಕಿದರೆ? ಒಟ್ಟು ರೋಧ 26.9 ಓಮ್, ಕರೆಂಟ್ ಸುಮಾರು 8.5 ಆಂಪಿಯರ್, ಸಂದಿನಲ್ಲಿ ಹುಟ್ಟುವ ಶಾಖ 36 ವ್ಯಾಟ್! ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಕಾವು ಪ್ಲಾಸ್ಟಿಕ್ ಡಬ್ಬಿಯ ಒಳಗೆ, ದಿನಾ ಬೆಳಿಗ್ಗೆ. ಕಾವಿಗೆ ಹಿತ್ತಾಳೆ ಇನ್ನಷ್ಟು ಸಡಿಲವಾಗುತ್ತದೆ, ಮೇಲ್ಮೈ ಕಪ್ಪುಗಟ್ಟುತ್ತದೆ, ರೋಧ ಇನ್ನೂ ಏರುತ್ತದೆ.

ಇಲ್ಲಿ ನಿಜಕ್ಕೂ ಹೆದರಬೇಕಾದ ಮಾತೊಂದಿದೆ. ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸಡಿಲ ಪ್ಲಗ್ಗಿನಲ್ಲಿ ಕರೆಂಟ್ 8.7ರಿಂದ 8.5ಕ್ಕೆ ಇಳಿದಿದೆ, ಏರಿಲ್ಲ. ಆದ್ದರಿಂದ ಪ್ಲಗ್ ಕರಗುತ್ತಿದ್ದರೂ ಎಂಸಿಬಿ ಸುಮ್ಮನಿರುತ್ತದೆ. ನೀರೂ ಎಂದಿನಂತೆಯೇ ಕಾಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಊರ ಕಡೆ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಗೀಸರ್ ಮಂಕಾಗುವುದಕ್ಕೂ ಇದೇ ಲೆಕ್ಕ. ಕಾಯಿಲ್‌ನ ರೋಧ ಹೆಚ್ಚುಕಡಿಮೆ ಬದಲಾಗದು. ಹಾಗಾಗಿ ಕರೆಂಟ್ 6.8 ಆಂಪಿಯರಿಗೆ, ಪವರ್ ಸುಮಾರು 1230 ವ್ಯಾಟಿಗೆ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ, ಬಿಸಿ ಮಾತ್ರ ಐದರಲ್ಲಿ ಎರಡು ಪಾಲು ಹೋಯಿತು.

ಕರೆಂಟಿನ ವರ್ಗದ ಈ ಲೆಕ್ಕವನ್ನೇ ತಮ್ಮ ಪರವಾಗಿ ತಿರುಗಿಸಿಕೊಂಡವರು ಮೈಸೂರು ಸಂಸ್ಥಾನದ ಎಂಜಿನಿಯರುಗಳು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ಪವರ್ ಅಷ್ಟೇ ಇದ್ದು ವೋಲ್ಟೇಜ್ ನೂರು ಪಟ್ಟಾದರೆ ಕರೆಂಟ್ ನೂರನೇ ಒಂದು ಭಾಗ ಸಾಕು. ಆಗ ಅದೇ ತಂತಿಯಲ್ಲಿ ಪೋಲಾಗುವ ಶಾಖ ಹತ್ತು ಸಾವಿರದಲ್ಲಿ ಒಂದು ಭಾಗ. ಅಷ್ಟು ದೂರದ ಸಾಗಣೆ ಸಾಧ್ಯವಾದದ್ದು ಹೀಗೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್ ಎಂಬ ನೇರ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆ, ಕಾಯಿಲ್ ಒಲೆಗಳಿಗೆ ಸರಿ. ಫ್ಯಾನು, ಪಂಪ್‌ಸೆಟ್ಟಿನಂಥ ಮೋಟಾರುಗಳಿಗೆ ಪವರ್ ಫ್ಯಾಕ್ಟರ್ ಎಂಬ ಇನ್ನೊಂದು ಸಂಖ್ಯೆಯನ್ನೂ ಸೇರಿಸಿ ಗುಣಿಸಬೇಕು.

ಈಗ ನಿಮ್ಮ ಮನೆಯ ಮಾತು. ಗೀಸರನ್ನು ದೊಡ್ಡ ಪವರ್ ಸಾಕೆಟ್ಟಿಗೇ ಹಾಕಿ. 5 ಆಂಪಿಯರಿನ ಸಣ್ಣ ಸಾಕೆಟ್ಟಿಗಾಗಲಿ, ಎಕ್ಸ್‌ಟೆನ್ಷನ್ ಬೋರ್ಡಿಗಾಗಲಿ ಬೇಡ. ಅರ್ಧ ಗಂಟೆ ಓಡಿಸಿದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಿಂದ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಚುರುಗುಟ್ಟಿದರೆ, ಸುಟ್ಟ ವಾಸನೆ ಬಂದರೆ ಅಥವಾ ಬಣ್ಣ ಕಂದಿದ್ದರೆ ಗೀಸರನ್ನು ಮತ್ತೆ ಹಾಕಬೇಡಿ. ಎಲೆಕ್ಟ್ರಿಷಿಯನ್ ಕರೆಸಿ, ಪ್ಲಗ್ಗು ಸಾಕೆಟ್ಟು ಎರಡನ್ನೂ ಒಟ್ಟಿಗೇ ಬದಲಾಯಿಸಿ.