ಎಳೆಯರ ಚಿತ್ರಪಾಠ: ಗುರಿ ಯಾವುದು, ಒರೆಗಲ್ಲು ಯಾವುದು?

ಶಾಲೆಯಿಂದ ಬಂದ ಪ್ರಗತಿಪತ್ರದಲ್ಲಿ ಗಣಿತದ ಅಂಕವನ್ನೂ ಭಾಷೆಯ ಅಂಕವನ್ನೂ ಎರಡೆರಡು ಸಲ ಓದುವ ತಾಯಿತಂದೆಗಳು, ಚಿತ್ರಕಲೆಯ ಮುಂದಿರುವ ಒಂದು ಅಕ್ಷರವನ್ನು ಕಂಡೂ ಕಾಣದಂತೆ ಮುಂದಕ್ಕೆ ಸಾಗುವುದು ವಾಡಿಕೆ. ಆ ಅಕ್ಷರವು ಏನನ್ನು ಅಳೆದು ಬಂದಿತೆಂದು ಕೇಳುವವರು ವಿರಳ. ಆದರೆ ‘ನನಗೆ ಚಿತ್ರ ಬರುವುದಿಲ್ಲ’ ಎಂದು ಹತ್ತು ವರ್ಷದ ಮಗುವು ಸೀಸದಕಡ್ಡಿಯನ್ನು ಕೆಳಗಿಡುವುದಕ್ಕೆ ಅನೇಕವೇಳೆ ಆ ಅಕ್ಷರವೇ ಕಾರಣ. ಒಮ್ಮೆ ಕೆಳಗಿಟ್ಟ ಕಡ್ಡಿಯನ್ನು ಮತ್ತೆ ಹಿಡಿಯುವವರು ಕೆಲವರೇ. ಆದುದರಿಂದ ಪ್ರಾರಂಭದ ತರಗತಿಗಳ ಚಿತ್ರಪಾಠಕ್ಕೆ ಗುರಿ ಯಾವುದು, ಅದನ್ನು ಮುಟ್ಟಿದುದನ್ನು ಅರಿಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

ಶಾಲೆಯ ಚಿತ್ರಪಾಠವು ನಮ್ಮ ದೇಶಕ್ಕೆ ಬಂದುದು ೧೯ನೆಯ ಶತಮಾನದಲ್ಲಿ. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ರೂಢವಾಗಿದ್ದ ಆ ಕ್ರಮದ ಉದ್ದೇಶವು ಕೈಗಾರಿಕೆಗಳಿಗೆ ನುರಿತ ಕೈಗಳನ್ನು ಒದಗಿಸುವುದು. ಮಾದರಿಯನ್ನು ಎದುರಿಗಿಟ್ಟು ಗೆರೆ ತಪ್ಪದಂತೆ ನಕಲು ಮಾಡಿಸುವುದೇ ಅದರ ಜೀವಾಳ. ಮುಂದೆ ಶಾಂತಿನಿಕೇತನದಲ್ಲಿ ೧೯೧೯ರಲ್ಲಿ ಕಲಾಭವನವು ಏರ್ಪಟ್ಟಾಗ, ನಂದಲಾಲ ಬೋಸರು ಶಿಷ್ಯರನ್ನು ಮರಗಿಡಗಳ ಮುಂದೆಯೂ ಜನಜೀವನದ ನಡುವೆಯೂ ಕೂರಿಸಿ ಬೇರೆ ದಾರಿಯನ್ನು ತೋರಿದರು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವು ಎಲ್ಲರಿಗೂ ಇರಬೇಕೆಂದಿತು. ೨೦೨೩ರ ಚೌಕಟ್ಟು ಅದರ ಗುರಿಗಳನ್ನು ಬಿಡಿಸಿ ಹೇಳಿತು. ಹೀಗೆ ಗುರಿಗಳು ಕಾಗದದ ಮೇಲೆ ಬಂದಿವೆ. ಅವನ್ನು ಊರಿನ ನೆಲದ ಮೇಲೆ ತಂದು ನಿಲ್ಲಿಸುವ ಕೆಲಸ ಮಾತ್ರ ಪ್ರತಿಯೊಂದು ಶಾಲೆಯದು.

ನಿದರ್ಶನಕ್ಕೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನು ತೆಗೆದುಕೊಳ್ಳೋಣ. ಇಂದು ಪಾಳುಗುಡಿಗಳ ನೆಲೆಯಾಗಿರುವ ಈ ಸ್ಥಳವು ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತರ ಮುಖ್ಯಪಟ್ಟಣ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಜಕ್ಕಿಯಬ್ಬೆ ಎಂಬ ಸ್ತ್ರೀಯು ಆ ನಾಡಿನ ಆಡಳಿತವನ್ನು ನಡೆಸಿದುದು ಶಾಸನದಿಂದ ತಿಳಿದುಬರುತ್ತದೆ. ಶಾಂತಿನಾಥ ಬಸದಿ, ಕ್ರಿ.ಶ. ೧೧೬೦ರ ತ್ರಿಮೂರ್ತಿ ನಾರಾಯಣ ದೇವಾಲಯ, ೧೨೭೪ರ ಸೋಮೇಶ್ವರ ದೇವಾಲಯ ಇವು ಅಲ್ಲಿ ನೋಡತಕ್ಕವು. ಸುತ್ತಲಿನ ಮಕ್ಕಳಿಗೆ ಇದಕ್ಕಿಂತ ಉತ್ತಮವಾದ ಚಿತ್ರಪುಸ್ತಕವು ದೊರೆಯಲಾರದು.

ಮೊದಲನೆಯ ಗುರಿ, ನೋಡಲು ಕಲಿಯುವುದು. ಸೋಮೇಶ್ವರ ದೇವಾಲಯದ ಬಾಗಿಲಿನ ಎರಡು ಮಗ್ಗುಲಲ್ಲಿ ಜಾಲಂಧ್ರಗಳಿವೆ. ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಅವುಗಳಲ್ಲಿ ಕೊರೆದಿದ್ದಾರೆ. ಅವುಗಳ ಮುಂದೆ ಕುಳಿತ ಮಗುವು ಮೊದಲು ಕಲ್ಲನ್ನು ಮಾತ್ರ ಬರೆಯುತ್ತದೆ. ‘ಕಲ್ಲಿನ ನಡುವಣ ಬಯಲಿಗೂ ಒಂದು ಆಕಾರವಿದೆಯೆ?’ ಎಂದು ಉಪಾಧ್ಯಾಯರು ಕೇಳಿದರೆ ಸಾಕು. ಅದರ ಎರಡನೆಯ ಚಿತ್ರದಲ್ಲಿ ಬೆಳಕು ತೂರಿಬರುವ ಕಂಡಿಗಳೂ ಮೂಡುತ್ತವೆ. ಈ ಎರಡು ಚಿತ್ರಗಳ ನಡುವಣ ಅಂತರವೇ ಕಲಿಕೆ.

ಎರಡನೆಯ ಗುರಿ, ಸಾಧನವನ್ನು ಅರಿತು ಬಳಸುವುದು. ಇದಕ್ಕೆ ಬೆಲೆಬಾಳುವ ಬಣ್ಣದ ಪೆಟ್ಟಿಗೆಯು ಬೇಕಿಲ್ಲ. ಸೊರಬ ಸಾಗರಗಳ ಕಡೆಯ ದೀವರ ಮನೆಗಳಲ್ಲಿ ಸ್ತ್ರೀಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುತ್ತಾರೆ. ಅಕ್ಕಿಯ ಹಿಟ್ಟಿನಿಂದ ಬಿಳುಪು, ಹುರಿದು ಕರಿದಾದ ಅಕ್ಕಿಯಿಂದ ಕಪ್ಪು, ಪುಂಡಿನಾರಿನಿಂದ ಕುಂಚ. ಭೂಮಿಹುಣ್ಣಿಮೆಗೆಂದು ಸಿಂಗರಿಸುವ ಬುಟ್ಟಿಯ ಮೇಲೂ ಈ ಚಿತ್ತಾರವೇ. ಹಿಟ್ಟು ತೆಳುವಾದರೆ ಗೆರೆ ಹರಿಯುತ್ತದೆ, ಗಟ್ಟಿಯಾದರೆ ಕುಂಚವು ಓಡದು. ಹದವನ್ನು ಮಗುವು ತಾನೇ ಕಂಡುಕೊಂಡಿತೆ ಎಂಬುದನ್ನು ಇಲ್ಲಿ ನೋಡಬೇಕು. ಅಜ್ಜಿಯಿಂದ ಕಲಿತ ಗೆರೆಗೆ ಶಾಲೆಯಲ್ಲಿ ಬೆಲೆಯಿಲ್ಲದಿದ್ದರೆ, ಮನೆಯ ವಿದ್ಯೆಯು ವಿದ್ಯೆಯಲ್ಲವೆಂದು ಮಗುವಿಗೆ ಬೋಧಿಸಿದಂತಾಯಿತು.

ಮೂರನೆಯ ಗುರಿ, ಚಿತ್ರದಿಂದ ಹೇಳುವುದು. ಈ ಸೀಮೆಯಲ್ಲಿ ಬಹುವಾಗಿ ಕಾಣುವ ವೀರಗಲ್ಲುಗಳನ್ನು ಗಮನಿಸಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಅಕ್ಷರವರಿಯದವನೂ ಆ ಕಥೆಯನ್ನು ಓದಬಲ್ಲನು. ಮಗುವು ತನ್ನ ಊರಿನ ಜಾತ್ರೆಯನ್ನೋ ಮಳೆಯ ದಿನವನ್ನೋ ಹೀಗೆ ಮೂರು ಪಟ್ಟಿಕೆಗಳಲ್ಲಿ ಬರೆದು, ಯಾವುದನ್ನು ಎಲ್ಲಿ, ಏಕೆ ಇಟ್ಟೆನೆಂದು ಬಾಯಲ್ಲಿ ಹೇಳಲಿ.

ಇನ್ನು ಒರೆಗಲ್ಲಿನ ಮಾತು. ಕಲೆಯನ್ನು ಅಳೆಯಬಾರದೆಂದು ಕೆಲವರು ವಾದಿಸುವರು. ಒಂದು ಮಗುವನ್ನು ಇನ್ನೊಂದರೊಡನೆ ತೂಗಬಾರದೆಂಬ ಮಟ್ಟಿಗೆ ಆ ಮಾತು ಸರಿ. ಆದರೆ ಏನನ್ನೂ ಗಮನಿಸದೆ ಎಲ್ಲರನ್ನೂ ಹೊಗಳುವುದು ಮಗುವಿಗೆ ಮಾಡುವ ಉಪಕಾರವಲ್ಲ. ಮುಂದಿನ ಹೆಜ್ಜೆಯು ಯಾವುದೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಆದುದರಿಂದ ನಾಲ್ಕು ನಿಯಮಗಳನ್ನು ಸೂಚಿಸುತ್ತೇವೆ. ಒಂದು: ಈ ಪಾಠದಲ್ಲಿ ಏನನ್ನು ನೋಡುತ್ತೇವೆಂಬುದನ್ನು ಬರೆಯುವ ಮೊದಲೇ ಮಕ್ಕಳಿಗೆ ಹೇಳಬೇಕು, ಒಂದು ಪಾಠಕ್ಕೆ ಒಂದೇ ಗುರಿ ಸಾಕು. ಎರಡು: ಪ್ರತಿಯೊಂದು ಚಿತ್ರದ ಹಿಂದೆ ತಾರೀಖನ್ನು ಬರೆದು ಕಟ್ಟಿನಲ್ಲಿಡಬೇಕು, ಮಗುವಿನ ಇಂದಿನ ಚಿತ್ರವನ್ನು ಅದರದೇ ಹಿಂದಿನ ಚಿತ್ರದೊಡನೆ ಹೋಲಿಸಬೇಕು. ಮೂರು: ಅಂಕಕ್ಕೆ ಬದಲಾಗಿ ‘ಈಗತಾನೆ ತೊಡಗಿದೆ, ಸಹಾಯದಿಂದ ಮಾಡುತ್ತದೆ, ತಾನಾಗಿ ಮಾಡುತ್ತದೆ’ ಎಂಬ ಮೂರು ಮೆಟ್ಟಿಲುಗಳಲ್ಲಿ ಒಂದನ್ನು ಗುರುತಿಸಿ, ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ಚೆನ್ನಾಗಿದೆ’ ಎಂಬುದು ಕಾರಣವಲ್ಲ. ‘ಕಂಡಿಗಳ ಆಕಾರವನ್ನು ಗಮನಿಸಿದ್ದಾಳೆ’ ಎಂಬುದು ಕಾರಣ. ನಾಲ್ಕು: ನಿರ್ಣಯಕ್ಕೆ ಮುಂಚೆ ಮಗುವಿನ ಮಾತನ್ನು ಕೇಳಬೇಕು. ನಮಗೆ ತಪ್ಪೆಂದು ಕಂಡ ಗೆರೆಯಲ್ಲಿ ಅದರ ಆಲೋಚನೆಯು ಅಡಗಿರಬಹುದು.

ಗೃಹಸ್ಥರಾದ ವಾಚಕರ ಪಾಲಿಗೂ ಇದರಲ್ಲಿ ಕೆಲಸವುಂಟು. ಮಗುವಿನ ಚಿತ್ರವನ್ನು ತಿದ್ದಿ ಅಂದಗೊಳಿಸಬೇಡಿರಿ, ‘ಇದೇನು?’ ಎಂದು ನಗುವುದರ ಬದಲು ‘ಇದರ ವಿಷಯ ಹೇಳು’ ಎನ್ನಿರಿ. ರಜೆಯಲ್ಲಿ ಗುಡಿಗೆ ಹೋದಾಗ ಒಂದೇ ಕಂಬದ ಮುಂದೆ ಕಾಲುಗಂಟೆ ಕೂರಿಸಿರಿ, ಕಲ್ಲಿನ ಮೇಲೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚಗೊಡಬೇಡಿರಿ. ಹಾಗೆ ನೋಡಿದ ಮಕ್ಕಳಲ್ಲಿ ಚಿತ್ರಕಾರರಾಗುವವರು ಕೆಲವರೇ ಇರಬಹುದು. ಆದರೆ ಬಂದಳಿಕೆಯಂತಹ ಸ್ಥಳಗಳ ಕಲ್ಲು ನಾಳೆ ಉಳಿಯಬೇಕಾದರೆ ಅದನ್ನು ನೋಡಬಲ್ಲ ಕಣ್ಣುಗಳು ಊರತುಂಬ ಇರಬೇಕು. ಅವನ್ನು ಬೆಳೆಸುವುದೇ ಎಳೆಯರ ಚಿತ್ರಪಾಠದ ಮುಖ್ಯ ಪ್ರಯೋಜನವೆಂದು ನಾವು ಭಾವಿಸುತ್ತೇವೆ.