ತಲೆಗೆ ಪೆಟ್ಟಾದ ಮೇಲೆ ಜಲ್ಲಿ ಹಾದಿ

ಮಕ್ಕಳು ಸೈಕಲ್‌ನಿಂದ ಬಿದ್ದರೆ ನಾವು ಮೊದಲು ನೋಡುವುದು ಮೊಣಕಾಲನ್ನು. ತಲೆಯ ಒಳಪೆಟ್ಟು ಕಣ್ಣಿಗೆ ಕಾಣದು.

ಅಮೆರಿಕದ ಸೈಕಲ್ ಸ್ಪರ್ಧಿ ಲಾರೆನ್ ಡಿ ಕ್ರೆಸೆಂಜೊ 2016ರ ರಸ್ತೆ ಸ್ಪರ್ಧೆಯೊಂದರಲ್ಲಿ ಬಿದ್ದು, ಮಿದುಳಿಗೆ ತೀವ್ರ ಪೆಟ್ಟು ತಿಂದರು. 2018ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪರ್ಧಿಸಿದ್ದ ಇಯಾನ್ ಬಾಸ್ವೆಲ್ 2019ರಲ್ಲಿ ಇಟಲಿಯಲ್ಲಿ ಬಿದ್ದು, ತಲೆಪೆಟ್ಟಿನಿಂದಾಗಿ ವೃತ್ತಿಪರ ರಸ್ತೆ ಸ್ಪರ್ಧೆಯನ್ನೇ ಬಿಟ್ಟರು.

ಇಬ್ಬರೂ ಮುಂದೆ ಗ್ರಾವೆಲ್ ರೇಸ್‌ಗೆ, ಅಂದರೆ ಡಾಂಬರಿಲ್ಲದ ಜಲ್ಲಿ ಹಾದಿಯ ಸ್ಪರ್ಧೆಗೆ ಬಂದರು. ಇಲ್ಲಿ ಅಗಲ ಟಯರು ಬೇಕು, ಪಂಕ್ಚರ್ ಆದರೆ ಸವಾರರೇ ಸರಿಪಡಿಸಿಕೊಳ್ಳಬೇಕು, ಹವ್ಯಾಸಿಗಳೂ ಜೊತೆಗಿರುತ್ತಾರೆ. 2021ರಲ್ಲಿ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ ನಡೆದ 200 ಮೈಲಿಯ 'ಅನ್‌ಬೌಂಡ್ ಗ್ರಾವೆಲ್' ಸ್ಪರ್ಧೆಯಲ್ಲಿ ಮಹಿಳೆಯರಲ್ಲಿ ಲಾರೆನ್, ಪುರುಷರಲ್ಲಿ ಇಯಾನ್ ಗೆದ್ದರು.

ಈ ಗೆಲುವಿನ ಹಿಂದೆ ವರ್ಷಗಳ ತಾಳ್ಮೆಯಿದೆ. ತಲೆಗೆ ಪೆಟ್ಟಾದ ಮಗುವನ್ನು ಅಂದೇ ಆಟಕ್ಕೆ ಕಳಿಸದಿರೋಣ. ವೈದ್ಯರು ಒಪ್ಪುವವರೆಗೆ ಕಾಯೋಣ. ಹೆಲ್ಮೆಟ್ ಮರೆಯದಿರೋಣ.