ಕಾಳಿಯ ಸೀಮೆಯಲ್ಲಿ ಮೀನಿನ ಬಿತ್ತನೆ

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಹಿಂದೆ ಅಗಾಧ ಜಲರಾಶಿಯಾಗಿ ನಿಂತು, ದಾಂಡೇಲಿಯ ಅರಣ್ಯಗಳ ನಡುವೆ ಹರಿದು ಕಾರವಾರದಲ್ಲಿ ಸಮುದ್ರವನ್ನು ಸೇರುವ ಕಾಳಿಯನ್ನು ವಿದ್ಯುತ್ತಿನ ಮೂಲವೆಂದೂ ವಿಹಾರದ ತಾಣವೆಂದೂ ಬಲ್ಲ ನಾವು, ಈ ಸೀಮೆಯ ನೀರು ಕೃಷಿಯ ಕ್ಷೇತ್ರವೂ ಹೌದೆಂಬುದನ್ನು ಅಷ್ಟಾಗಿ ಗಮನಿಸಿದವರಲ್ಲ. ಪೂರ್ವಕ್ಕೆ ಸರಿದಂತೆ ಕಾಡು ತೆಳುವಾಗಿ, ಹಳಿಯಾಳ ಮುಂಡಗೋಡಗಳಲ್ಲಿ ಗದ್ದೆಬಯಲೂ ಕೆರೆಗಳೂ ಕಾಣಿಸಿಕೊಳ್ಳುತ್ತವೆ; ಇಂಥ ಕೆರೆಗಳಿಗೆ ಮಳೆಗಾಲದಲ್ಲಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮರಿಗಳ ಹಿಂದೆ ದೀರ್ಘಕಾಲದ ಸಂಶೋಧನೆಯಿದೆ.

ಗಂಗಾ ಬಯಲಿನ ಈ ಮೀನುಗಳು ಕೆರೆಯಲ್ಲಿ ಪುಷ್ಟವಾಗಿ ಬೆಳೆದರೂ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲವಾದುದರಿಂದ, ಹಿಂದೆ ಪ್ರವಾಹದ ಹೊಳೆಗಳಲ್ಲಿ ಬಲೆಯೊಡ್ಡಿ ಮರಿಗಳನ್ನು ಹಿಡಿದು ತರಬೇಕಾಗಿದ್ದಿತು. ಹಾಗೆ ತಂದವುಗಳೊಳಗೆ ಪರಭಕ್ಷಕ ಮೀನುಗಳ ಮರಿಗಳೂ ಬೆರೆತು ಬರುತ್ತಿದ್ದುವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ. ಎಚ್. ಅಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಯಿಂದ ಮೊಟ್ಟೆಯಿಡಿಸಿದುದೇ ಈ ಪರಾಧೀನತೆಗೆ ಅಂತ್ಯವನ್ನು ತಂದಿತು. ಕೊಳದಲ್ಲಿ ಗೂಟಗಳಿಗೆ ಕಟ್ಟಿದ ತೆಳುಬಟ್ಟೆಯ ತೊಟ್ಟಿಯೊಳಗೆ ಸಂಜೆ ಚುಚ್ಚುಮದ್ದು ಪಡೆದ ಮೀನುಗಳನ್ನು ಬಿಟ್ಟರೆ, ಬೆಳಗಾಗುವಷ್ಟರಲ್ಲಿ ನೀರು ಹೀರಿ ಉಬ್ಬಿದ ಪಾರದರ್ಶಕ ಮೊಟ್ಟೆಗಳು ತುಂಬಿರುತ್ತವೆ. ಹದಿನೈದರಿಂದ ಹದಿನೆಂಟು ಗಂಟೆಗಳಲ್ಲಿ ಒಡೆದು ಹೊರಬರುವ ಸೂಜಿಮೊನೆಯಂಥ ಜೀವಿಯು, ಸುಮಾರು ಮೂರು ದಿನ ತನ್ನ ಒಡಲಲ್ಲಿರುವ ಬಂಡಾರದಿಂದಲೇ ಬದುಕಿ, ಆಮೇಲೆ ಆಹಾರವನ್ನರಸತೊಡಗುತ್ತದೆ. ಅಷ್ಟರೊಳಗೆ ಸುಣ್ಣವಿಕ್ಕಿ, ಸಗಣಿಗೊಬ್ಬರ ಬೆರೆಸಿ, ಸೂಕ್ಷ್ಮ ಜೀವಿಗಳು ಹುಟ್ಟಿರುವ ಮರಿಕೊಳವು ಸಿದ್ಧವಾಗಿರಬೇಕು. ನೀರಹುಳುಗಳನ್ನು ನೀಗಿಸದಿದ್ದರೆ ಅವು ಒಂದೆರಡು ದಿನಗಳಲ್ಲಿಯೇ ಮರಿಗಳನ್ನು ಕಬಳಿಸಿಬಿಡುವುವು.

ಕಾಟ್ಲಾ ನೀರಿನ ಮೇಲ್ಮಟ್ಟದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆಯು ಮೂರೂ ಪಂಗಡಗಳನ್ನು ಸಾಕಬಲ್ಲದು. ಈ ಮಿಶ್ರ ಕೃಷಿಯೇ ನಮ್ಮ ದೇಶದ ಸುಸ್ಥಿರ ಮೀನುಸಾಕಣೆಯ ಬುನಾದಿಯೆಂದು ನನ್ನ ನಂಬಿಕೆ. ನಾರ್ವೆಯವರು ಸಾಲ್ಮನ್ ಮೀನಿನಲ್ಲಿ ಪಳಗಿಸಿದ ತಳಿ ಆಯ್ಕೆಯ ವಿಧಾನವನ್ನು ಅವರದೇ ಸಹಕಾರದಿಂದ ಅನುಸರಿಸಿ, ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾಲಯವು ವೇಗವಾಗಿ ಬೆಳೆಯುವ ರೋಹುವನ್ನು ರೂಪಿಸಿ, ಸ್ವಾತಂತ್ರ್ಯದ ಸುವರ್ಣ ವರ್ಷದ ನೆನಪಿಗಾಗಿ ಅದಕ್ಕೆ ‘ಜಯಂತಿ’ ಎಂದು ಹೆಸರಿಟ್ಟಿತು.

ಕಾಳಿಯ ಮುಖದಲ್ಲಿಯೂ, ಕಾರವಾರದ ಕೇಂದ್ರೀಯ ಸಾಗರ ಮೀನು ಸಂಶೋಧನಾ ಕೇಂದ್ರದಲ್ಲಿ, ಸಮುದ್ರದ ಪಂಜರಗಳಲ್ಲಿ ಕೋಬಿಯಾದಂತಹ ಮೀನುಗಳನ್ನು ಬೆಳೆಸುವ ಪ್ರಯೋಗಗಳು ನಡೆದಿವೆ. ಆದರೆ ಪಂಜರದ ಮೀನಿಗೆ ಮೇವನ್ನು ನಾವೇ ಒದಗಿಸಬೇಕು. ಪಚ್ಚಿಲೆಯೆಂಬ ಚಿಪ್ಪುಜೀವಿಗಾದರೋ ಅದರ ಹಂಗಿಲ್ಲ. ಮರಿಪಚ್ಚಿಲೆಗಳನ್ನು ಹಗ್ಗದ ಸುತ್ತ ಹತ್ತಿಬಟ್ಟೆಯಲ್ಲಿ ಸುತ್ತಿ ಅಳಿವೆಯ ನೀರಿನಲ್ಲಿ ತೂಗುಬಿಟ್ಟರೆ, ಬಟ್ಟೆಯು ಕೊಳೆತು ಕಳಚುವ ಹೊತ್ತಿಗೆ ಅವು ತಮ್ಮ ಎಳೆಗಳಿಂದ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತವೆ. ಮುಂದೆ ಹರಿಯುವ ನೀರನ್ನು ಸೋಸಿಯೇ ಅವು ಬೆಳೆಯುವುದರಿಂದ, ಮಳೆಯು ನೀರಿನ ಉಪ್ಪನ್ನು ತಗ್ಗಿಸುವ ಮುನ್ನ ಕೊಯ್ಲು ಮಾಡುವುದೊಂದೇ ಮುಖ್ಯ ಎಚ್ಚರಿಕೆ. ಕಾಸರಗೋಡಿನ ಪಡನ್ನ, ಚೆರುವತ್ತೂರುಗಳಲ್ಲಿ ಮಹಿಳಾ ಸಂಘಗಳು ಇದನ್ನು ಮನೆತನದ ಆಧಾರವನ್ನಾಗಿಸಿಕೊಂಡಿವೆ.

ಮೇಲ್ಭಾಗದ ಜಲಾಶಯಗಳ ವಿಷಯ ಬೇರೆ. ಅಲ್ಲಿ ಗೊಬ್ಬರವನ್ನಿಕ್ಕಿ ಕೆರೆಯಂತೆ ಸಾಕಲಾಗದು; ಬೇಟೆಗಾರ ಮೀನುಗಳ ಬಾಯಿಂದ ಉಳಿಯಬಲ್ಲ, ಸುಮಾರು 100 ಮಿಲಿಮೀಟರಿನ ಬಲಿತ ಬಿತ್ತನೆ ಮರಿಗಳನ್ನೇ ಬಿಡಬೇಕು. ಪಕ್ಷಿಧಾಮವೂ ಆಗಿರುವ ಮುಂಡಗೋಡಿನ ಅತ್ತಿವೇರಿ ಜಲಾಶಯದಲ್ಲಿ ಹಕ್ಕಿಗಳಿಗೂ ಒಂದು ಪಾಲು ಸಲ್ಲಬೇಕು. ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮೀನಿನ ಮರಿಗಳನ್ನು ಉತ್ಪಾದಿಸುವಂತೆಯೇ, ಕಾಳಿಯ ಮಹಶೀರನ್ನೂ ಅದರ ಸ್ವಂತ ವಂಶದ ತಾಯಿಮೀನುಗಳಿಂದಲೇ ವೃದ್ಧಿಗೊಳಿಸುವ ಮರಿಕೇಂದ್ರವೊಂದು ಜೋಯಿಡಾದ ನೀರಿನ ದಂಡೆಯಲ್ಲಿ ಏಳಬೇಕೆಂಬುದು ನನ್ನ ಬಲವಾದ ಆಶಯ.